ಜಗಳೂರಿನ ಹೊಟ್ಟೆನೋವು, ದಾವಣಗೆರೆಯ ಥೀಸಿಸ್ಸು

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದಿಂದ ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಬಂದು ಸೇರಿದವು. ಜಿಲ್ಲೆಗಿಂತ ಮೂರು ದಶಕ ಮೊದಲೇ ದಾವಣಗೆರೆಗೆ ವೈದ್ಯಕೀಯ ಕಾಲೇಜು ಬಂದಿತ್ತು. ಬಾಪೂಜಿ ವಿದ್ಯಾಸಂಸ್ಥೆಯ ಜೆ.ಜೆ.ಎಂ. ಕಾಲೇಜು ಶುರುವಾದದ್ದು 1965ರಲ್ಲಿ. ಅಲ್ಲಿನ ವಿದ್ಯಾರ್ಥಿಗಳು ರೋಗಿಯ ಮಗ್ಗುಲಲ್ಲಿ ನಿಂತು ಕಲಿತದ್ದು ಸರ್ಕಾರದ ಚಿಗಟೇರಿ ಆಸ್ಪತ್ರೆಯಲ್ಲಿ. ಕಾಲೇಜು ಖಾಸಗಿ, ಹಾಸಿಗೆ ಸರ್ಕಾರಿ. ಈ ವಿಚಿತ್ರ ಹೊಂದಾಣಿಕೆ ಇಲ್ಲದಿದ್ದರೆ ಇಲ್ಲಿ ಸರ್ಜರಿ ಕಲಿಯುವುದೇ ಕಷ್ಟವಿತ್ತು.

ಇಂಥ ಸರ್ಜರಿ ವಿಭಾಗದಲ್ಲಿ ಸಂಶೋಧನೆ ಎಂದರೆ ಬಹುಪಾಲು ಥೀಸಿಸ್ಸೇ. ಮೂರು ವರ್ಷದ ಎಂ.ಎಸ್. ಓದುವ ಪ್ರತಿ ಪಿ.ಜಿ. ಡಾಕ್ಟರೂ ಒಂದನ್ನು ಬರೆಯಲೇಬೇಕು. ಅವು ಈಗ 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತವೆ. ಹರ್ನಿಯಾ, ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು, ಕರುಳಿನ ತೂತು, ಅಪೆಂಡಿಕ್ಸ್: ವಿಷಯಗಳು ಮತ್ತೆ ಮತ್ತೆ ಇವೇ. ಹಳ್ಳಿಯ ಬಸ್ಸುಗಳು ಇಳಿಸುವ ರೋಗಗಳೂ ಇವೇ, ಆದ್ದರಿಂದ ಅದರಲ್ಲಿ ತಪ್ಪೇನಿಲ್ಲ.

ಅಪೆಂಡಿಕ್ಸ್‌ನದೇ ಕಥೆ ನೋಡಿ. 1986ರಲ್ಲಿ ಅಮೆರಿಕದ ಆಲ್ಫ್ರೆಡೊ ಅಲ್ವರಾಡೊ 305 ರೋಗಿಗಳ ದಾಖಲೆ ತಿರುವಿ, ಹೊಟ್ಟೆನೋವು ಅಪೆಂಡಿಕ್ಸ್‌ನದೇ ಎಂದು ಗುರುತಿಸಲು ಹತ್ತು ಅಂಕದ ಲೆಕ್ಕವೊಂದನ್ನು ಕೊಟ್ಟರು. ನೋವು ಹೊಕ್ಕುಳಿಂದ ಬಲಕ್ಕೆ ಸರಿಯಿತೇ, ಊಟ ಸೇರುತ್ತಿದೆಯೇ, ವಾಂತಿ, ಜ್ವರ ಇದೆಯೇ, ಒತ್ತಿದರೆ ನೋವೇ, ಒತ್ತಿ ಬಿಟ್ಟರೆ ನೋವೇ. ಜೊತೆಗೆ ಬಿಳಿ ರಕ್ತಕಣದ ಎಣಿಕೆ. ಅಷ್ಟೇ. ಸ್ಕ್ಯಾನಿಂಗ್ ಯಂತ್ರ ಇಲ್ಲದ ತಾಲ್ಲೂಕು ಆಸ್ಪತ್ರೆಗೂ ನಿಲುಕುವ ವಿದ್ಯೆ ಇದು. ಕರ್ನಾಟಕದ ಪಿ.ಜಿ.ಗಳು ಇದನ್ನು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿ ಬರೆದರು. ಆದರೆ ಏಷ್ಯಾದವರ ಮೈಗೆ ಈ ಲೆಕ್ಕ ಸಾಲದೆಂದು ಕಂಡು 2010ರಲ್ಲಿ ‘ರಿಪಾಸಾ’ ಎಂಬ ಬೇರೆ ಅಂಕಪಟ್ಟಿ ಕಟ್ಟಿದ್ದು ಪುಟ್ಟ ದೇಶ ಬ್ರೂನೈನ ಆಸ್ಪತ್ರೆ. ನಮ್ಮವರು ಅದನ್ನೂ ಪರೀಕ್ಷಿಸಿದರು!

ಹೊಸತು ಕಟ್ಟುವ ಕಸುವು ಕನ್ನಡನಾಡಿಗೆ ಇರಲಿಲ್ಲವೆಂದಲ್ಲ. ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ನರಶಸ್ತ್ರವೈದ್ಯ ಆರ್.ಎಂ. ವರ್ಮ 1960ರ ದಶಕದಲ್ಲಿ ಪಾರ್ಕಿನ್ಸನ್ ರೋಗಿಗಳಿಗೆ ತಲೆಬುರುಡೆ ಕೊರೆಯದೆಯೇ ಚಿಕಿತ್ಸೆ ಮಾಡುವ ದಾರಿ ಕಂಡುಕೊಂಡರು. ಕೆನ್ನೆಯ ಕಡೆಯಿಂದ ಸೂಜಿ ತೂರಿಸಿ, ಬುರುಡೆಯ ತಳದಲ್ಲಿ ಹುಟ್ಟಿನಿಂದಲೇ ಇರುವ ರಂಧ್ರದ ಮೂಲಕ ಮಿದುಳಿನ ಥಲಾಮಸ್ ಮುಟ್ಟುವ ವಿಧಾನ ಅದು. ಲೆವೊಡೋಪಾ ಮಾತ್ರೆ ಇನ್ನೂ ಬಳಕೆಗೆ ಬಾರದಿದ್ದ ಹೊತ್ತು. ‘ವರ್ಮ ವಿಧಾನ’ ಎಂದೇ ಅದಕ್ಕೆ ಹೆಸರಾಯಿತು.

ವರ್ಮರಿಗೆ ಸಂಸ್ಥೆಯ ಬಲವಿತ್ತು, ಜಿಲ್ಲೆಯ ಪಿ.ಜಿ.ಗೆ ಇರುವುದು ರಾತ್ರಿ ಡ್ಯೂಟಿ ಎನ್ನಬಹುದು. ಆದರೆ ಅಲ್ವರಾಡೊ ಬಳಸಿದ್ದೂ ಹಳೆಯ ಕೇಸ್ ಶೀಟುಗಳನ್ನೇ. ಅಂಥವು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟಿವೆ. ಪ್ರತಿ ಪಿ.ಜಿ.ಯೂ ಹೊಸದಾಗಿ ಐವತ್ತೋ ನೂರೋ ರೋಗಿಗಳನ್ನು ಎಣಿಸುವ ಬದಲು, ವಿಭಾಗಗಳು ದಶಕಗಳ ಥೀಸಿಸ್ಸುಗಳನ್ನು ಒಟ್ಟುಮಾಡಿ ಜಗಳೂರಿನ ಡಾಕ್ಟರಿಗೆ ಹೊಂದುವ ಅಂಕಪಟ್ಟಿಯೊಂದನ್ನು ಕಟ್ಟಿಕೊಡಲಿ.