ಆನ್‌ಲೈನ್ ಅರ್ಜಿಗಳಲ್ಲಿ ಖಾಲಿ ಬಿಟ್ಟ ಅಂಕಣಗಳು

ಆನ್‌ಲೈನ್ ಅರ್ಜಿಯಲ್ಲಿ ನಕ್ಷತ್ರ ಚಿಹ್ನೆಯುಳ್ಳ ಅಂಕಣಗಳನ್ನು ಸಾಮಾನ್ಯವಾಗಿ ಕಡ್ಡಾಯವಾಗಿ ಭರ್ತಿ ಮಾಡತಕ್ಕದ್ದು. ಖಾಲಿ ಅಂಕಣವೂ ಸೊನ್ನೆಯೂ ಒಂದೇ ಅಲ್ಲ. ವಾರ್ಷಿಕ ಆದಾಯದ ಅಂಕಣದಲ್ಲಿ 0 ಎಂದು ನಮೂದಿಸಿದಲ್ಲಿ ಆದಾಯವಿಲ್ಲವೆಂದು ಘೋಷಿಸಿದಂತಾಗುತ್ತದೆ. ಖಾಲಿ ಬಿಟ್ಟಲ್ಲಿ ಮಾಹಿತಿಯನ್ನೇ ನೀಡಿಲ್ಲವೆಂದಾಗುತ್ತದೆ. ಖಾಲಿ ಅಂಕಣವನ್ನು ಸೊನ್ನೆಯೆಂದು ದಾಖಲಿಸಿಕೊಳ್ಳುವ ತಂತ್ರಾಂಶವು ಅರ್ಜಿದಾರರು ಹೇಳದೇ ಇದ್ದುದನ್ನು ಅವರ ಹೆಸರಿನಲ್ಲಿ ಹೇಳಿದಂತೆಯೇ ಸರಿ.

ಹೆಸರಿನ ಅಂಕಣದಲ್ಲಿ ತೊಡಕು ಹೆಚ್ಚು. ದಕ್ಷಿಣ ಭಾರತದಲ್ಲಿ ಅನೇಕರಿಗೆ ಉಪನಾಮವಿಲ್ಲ, ಇನಿಷಿಯಲ್ ಮಾತ್ರ ಇರುತ್ತದೆ. ಭಾರತೀಯ ಪಾಸ್‌ಪೋರ್ಟ್ ಅರ್ಜಿಯಲ್ಲಿ ಉಪನಾಮವನ್ನು ಖಾಲಿ ಬಿಡಲು ಅವಕಾಶವಿದೆ. ಆದಾಗ್ಯೂ 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಒಂದೇ ಹೆಸರುಳ್ಳ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ನಿರಾಕರಿಸಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದಲ್ಲಿ ಪರಿಗಣಿಸುವುದಾಗಿ ಬಳಿಕ ಸ್ಪಷ್ಟಪಡಿಸಿತು.

ಉಪನಾಮವಿಲ್ಲದವರು ಕಡ್ಡಾಯವಲ್ಲದ ಅಂಕಣವನ್ನು ಖಾಲಿಯಾಗಿಯೇ ಬಿಡತಕ್ಕದ್ದು. ಚುಕ್ಕಿ, ಅಡ್ಡಗೆರೆ ಅಥವಾ ‘ಇಲ್ಲ’ ಎಂದು ತುಂಬಬಾರದು. ತಂತ್ರಾಂಶಕ್ಕೆ ಅವೂ ಅಕ್ಷರಗಳೇ. ಪರಿಶೀಲನೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರದಲ್ಲಿ ಹೆಸರಿನ ಭಾಗವಾಗಿ ಮುದ್ರಿತವಾಗಬಹುದು. ಅಂತಹ ಹೆಸರು ಇತರ ದಾಖಲೆಗಳೊಂದಿಗೆ ಹೊಂದಿಕೆಯಾಗದ ಕಾರಣ ತಿದ್ದುಪಡಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗುತ್ತದೆ.