ಬೊಮ್ಮನ ಹೆಸರನ್ನು ಓದಿದವರು

ಕ್ರಿ.ಶ. 1148ರಲ್ಲಿ ಏಡನ್ ಬಂದರಿನ ವ್ಯಾಪಾರಿ ಖಲಫ್ ಇಬ್ನ್ ಇಸ್‌ಹಾಕ್, ಮಂಗಳೂರಿನಲ್ಲಿ ನೆಲೆಸಿದ್ದ ತನ್ನ ಮಿತ್ರ ಅಬ್ರಹಾಂ ಬೆನ್ ಯಿಜುವಿಗೆ ಒಂದು ಪತ್ರ ಬರೆದನು. ವ್ಯಾಪಾರದ ಮಾತುಗಳ ಜೊತೆಗೆ ಬೆನ್ ಯಿಜುವಿನ ಗುಲಾಮನಿಗೂ ಅದರಲ್ಲಿ ಸಲಾಮು ತಿಳಿಸಿದ್ದಾನೆ. ಈ ಗುಲಾಮನು ಬರೀ ಮನೆಗೆಲಸದ ಆಳಲ್ಲ, ಯಜಮಾನನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡಿಕೊಂಡವನು. ಅವನ ಹೆಸರೇನೆಂದು ಸರಿಯಾಗಿ ತಿಳಿಯಲು ಎಂಟು ಶತಮಾನಗಳು ಬೇಕಾದವು.

ಬೆನ್ ಯಿಜು ಟ್ಯುನೀಷಿಯಾದ ಮಹ್ದಿಯಾ ಎಂಬ ಊರಿನ ಯಹೂದಿ. 1132ಕ್ಕಾಗಲೇ ಮಂಗಳೂರಿನಲ್ಲಿದ್ದನು. 1149ರಲ್ಲಿ ಹಿಂತಿರುಗಿದನು. ಅವನ ಕಾಗದಗಳು ಕೊನೆಗೆ ಸೇರಿದ್ದು ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗನ್ನು. ಹರಿದ ಕುರ್‌ಆನ್ ಹಾಳೆಯನ್ನು ನಾವು ಕಸಕ್ಕೆ ಎಸೆಯುವುದಿಲ್ಲವಷ್ಟೆ. ಹಾಗೆಯೇ ದೇವರ ಹೆಸರಿರಬಹುದಾದ ಕಾಗದಗಳನ್ನು ಅವರು ಒಂದು ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಅದೇ ಗೆನೀಜಾ. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅಲ್ಲಿಂದ ಸುಮಾರು 1,90,000 ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಉಳಿದವು ಆಕ್ಸ್‌ಫರ್ಡ್, ನ್ಯೂಯಾರ್ಕ್ ಮೊದಲಾದ ಕಡೆ ಚದುರಿದವು.

ಇವನ್ನು ಒಬ್ಬರೇ ಓದಿ ಮುಗಿಸುವುದು ಸಾಧ್ಯವಿರಲಿಲ್ಲ. ಭಾಷೆ ಅರಬಿ, ಲಿಪಿ ಹೀಬ್ರೂ! ಖಲಫ್‌ನ ಪತ್ರವನ್ನು 1942ರಲ್ಲಿ ಇ. ಸ್ಟ್ರೌಸ್ ಪ್ರಕಟಿಸಿದರು. ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ದಶಕಗಳ ಕಾಲ ಹುಡುಕಿ ಜೋಡಿಸಿದವರು ಎಸ್.ಡಿ. ಗೊಯಿಟೈನ್. ಅವರು 1985ರಲ್ಲಿ ತೀರಿಕೊಂಡಾಗ ಕೆಲಸ ಅರ್ಧದಲ್ಲಿತ್ತು. ಶಿಷ್ಯ ಮೊರ್ಡೆಕೈ ಫ್ರೀಡ್‌ಮನ್ ಅದನ್ನು ಮುಂದುವರಿಸಿ 2008ರಲ್ಲಿ ಇಂಗ್ಲಿಷ್ ಸಂಪುಟ ಹೊರತಂದರು.

ಆದರೆ ಗುಲಾಮನ ಹೆಸರು? ಪತ್ರಗಳಲ್ಲಿ ಸ್ವರಚಿಹ್ನೆ ಇಲ್ಲ, 'ಬ-ಮ-ಹ' ಎಂಬ ಮೂರು ವ್ಯಂಜನ ಮಾತ್ರ. ಗೊಯಿಟೈನ್ 'ಬಾಮಾ' ಎಂದು ಓದಿದರು. ಕನ್ನಡದವರಾದರೆ ಕೂಡಲೇ ಗುರುತಿಸುತ್ತಿದ್ದರೇನೋ. ಆದರೆ ಆ ಹಾಳೆಗಳಿದ್ದ ಕಡೆ ಕನ್ನಡ-ತುಳು ಬಲ್ಲವರು ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಅಮಿತಾವ್ ಘೋಷ್ 1980ರಲ್ಲಿ ಈಜಿಪ್ಟಿನ ಹಳ್ಳಿಗೆ ಹೋಗಿ ಅರಬಿ ಕಲಿತರು. ಅಲ್ಲಿನ ರೈತರ ಆಡುಮಾತೇ ಮುಂದೆ ಹನ್ನೆರಡನೇ ಶತಮಾನದ ಪತ್ರಗಳನ್ನು ಓದಲು ನೆರವಾಯಿತು. ಅವರು ಮಂಗಳೂರಿಗೆ ಬಂದು ತುಳು ವಿದ್ವಾಂಸ ಪ್ರೊ. ಬಿ.ಎ. ವಿವೇಕ ರೈ ಅವರನ್ನು ಕೇಳಿದಾಗ 'ಬೊಮ್ಮ' ಎಂಬ ಹೆಸರು ದೊರೆಯಿತು. 1992ರಲ್ಲಿ ಘೋಷ್ ಅವರ ಗ್ರಂಥ ಹೊರಬಂದಾಗ ಆ ಗುಲಾಮ ತುಳುನಾಡಿನವನಾಗಿ ಜಗತ್ತಿಗೆ ಪರಿಚಯವಾದನು.

ಹೀಗೆ ಕೈರೋ, ಜೆರುಸಲೇಂ, ಪ್ರಿನ್ಸ್‌ಟನ್, ಮಂಗಳೂರುಗಳ ನಡುವೆ ಯಾರೂ ಯೋಜಿಸದ ಒಂದು ವಿದ್ವಾಂಸರ ಜಾಲ ಹೆಣೆದುಕೊಂಡಿತು. ಇತಿಹಾಸಕಾರ ರಣಬೀರ್ ಚಕ್ರವರ್ತಿ ಗೆನೀಜಾದ 'ನಾಖುದಾ'ನನ್ನೂ ನಮ್ಮ ಪಶ್ಚಿಮ ಕರಾವಳಿಯ ಶಾಸನಗಳ 'ನೌವಿತ್ತಕ'ನನ್ನೂ ಒಟ್ಟಿಗೆ ಇಟ್ಟು ನೋಡಿದರು. ಇಬ್ಬರೂ ಹಡಗಿನ ಒಡೆತನವಿದ್ದ ವರ್ತಕರೇ. ಗುಜರಾತಿನ ವೇರಾವಳದಲ್ಲಿ ಹೋರ್ಮುಜ್‌ನ ನಾಖುದಾ ನೂರುದ್ದೀನ್ ಫಿರೋಜ್ ಮಸೀದಿ ಕಟ್ಟಿಸಿದ 1264ರ ದಾಖಲೆ ಅರಬಿಯಲ್ಲೂ ಸಂಸ್ಕೃತದಲ್ಲೂ ಇದೆ. ಒಂದನ್ನೇ ಓದಿದವನಿಗೆ ಅರ್ಧ ಸಂಗತಿ ಮಾತ್ರ ಸಿಗುತ್ತದೆ.

ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು, ಮನೆಯಲ್ಲಿ ಬ್ಯಾರಿ: ನಮ್ಮ ಕರಾವಳಿಯ ಮಕ್ಕಳು ಇದನ್ನೊಂದು ಬಂಡವಾಳವೆಂದು ಎಣಿಸಿದ್ದೇ ಇಲ್ಲ. ಬೆನ್ ಯಿಜು ಹಡಗು ಹತ್ತುವಾಗ ಬರೆದಿಟ್ಟ ಸಾಮಾನಿನ ಪಟ್ಟಿಯೊಂದು ಉಳಿದಿದೆ. ಆ ಒಂದೇ ಪಟ್ಟಿಯನ್ನು ಹಿಡಿದುಕೊಂಡು ಎಲಿಜಬೆತ್ ಲ್ಯಾಂಬೋರ್ನ್ 2018ರಲ್ಲಿ ಇಡೀ ಪುಸ್ತಕವನ್ನೇ ಬರೆದರು.