ಬಾವ್‌ಜಿ: ಹಂದಿಮಾಂಸದ ಹೂರಣದ ಚೀನೀ ಹಬೆ ಬನ್ನು

ಹುದುಗು ಬಂದ ಗೋಧಿಹಿಟ್ಟಿನ ಹಾಳೆಯಲ್ಲಿ ಹೂರಣ ಇಟ್ಟು, ಅಂಚನ್ನು ನೆರಿಗೆ ನೆರಿಗೆಯಾಗಿ ಹಿಡಿದು ಮುಚ್ಚಿ, ಹಬೆಯಲ್ಲಿ ಬೇಯಿಸಿದರೆ ಬಾವ್‌ಜಿ. ಸೊಪ್ಪಿನ ಹೂರಣವೂ ಉಂಟು, ಕೆಂಪು ಕಾಳಿನ ಸಿಹಿ ಹೂರಣವೂ ಉಂಟು. ಆದರೆ ಚೀನಾದ ಮನೆಗಳಲ್ಲೂ ಬೀದಿಗಳಲ್ಲೂ ಎಲ್ಲಕ್ಕಿಂತ ಬಳಕೆಯಲ್ಲಿರುವುದು ಹಂದಿಮಾಂಸದ್ದು. ಇದರ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಸೇನಾಪತಿಗಳನ್ನೂ ಹೆಸರಾಂತ ಅಂಗಡಿಗಳನ್ನೂ ಮುಂದಿಡುತ್ತಾರೆ. ನಿಜವಾದ ಚರಿತ್ರೆ ಇರುವುದು ಹಿಟ್ಟು ಉಬ್ಬಿಸುವ ವಿದ್ಯೆಯಲ್ಲಿ.

ಉತ್ತರ ಚೀನಾದಲ್ಲಿ ಬೀಸುವ ಕಲ್ಲು ಹರಡಿ, ಗೋಧಿಹಿಟ್ಟು ದಿನಬಳಕೆಗೆ ಬಂದದ್ದು ಹಾನ್ ವಂಶದ ಕಾಲದಲ್ಲಿ. ತಳಕ್ಕೆ ತೂತು ಕೊರೆದ ಮಣ್ಣಿನ ಹಬೆಪಾತ್ರೆಗಳು ಅಲ್ಲಿ ನವಶಿಲಾಯುಗದಿಂದಲೇ ಇದ್ದವು. ಹೊಸ ಹಿಟ್ಟು ಹಳೆಯ ಪಾತ್ರೆಗೆ ಬಿತ್ತು. ಬೇರೆ ದೇಶಗಳಲ್ಲಿ ಗೂಡೊಲೆ ಸೇರಿದ ಹಿಟ್ಟು ಚೀನಾದಲ್ಲಿ ಹಬೆ ಸೇರಿದ್ದು ಹೀಗೆ.

ಕ್ರಿ.ಶ. 225ರಲ್ಲಿ ದಕ್ಷಿಣದ ದಂಡಯಾತ್ರೆಗೆ ಹೋಗಿದ್ದ ಸೇನಾಪತಿ ಝೂಗೆ ಲಿಯಾಂಗ್, ಉಕ್ಕುವ ನದಿಗೆ ನರಬಲಿ ಕೊಡಲೊಪ್ಪದೆ, ಮಾಂಸ ತುಂಬಿದ ಹಿಟ್ಟಿನ ತಲೆಗಳನ್ನು ಅರ್ಪಿಸಿದನೆಂಬುದು ಈ ತಿಂಡಿಯ ಹುಟ್ಟಿನ ಬಗ್ಗೆ ಎಲ್ಲರ ಬಾಯಲ್ಲಿರುವ ಕಥೆ. ಸೊಗಸಾದ ಕಥೆಯೇ, ಆದರೆ ಅದನ್ನು ಹೇಳುವ ಗ್ರಂಥ ಸುಂಗ್ ವಂಶದ ಕಾಲದ್ದು, ಘಟನೆಗಿಂತ ಎಷ್ಟೋ ಶತಮಾನ ಈಚಿನದು. ಹೆಚ್ಚು ನಂಬಬಹುದಾದ ಸುಳಿವು ಸಿಗುವುದು ಒಬ್ಬ ಹೊಟ್ಟೆಬಾಕ ಮಂತ್ರಿಯ ಹಟದಲ್ಲಿ. 3ನೇ ಶತಮಾನದ ಹ ಝೆಂಗ್, ಮೇಲ್ಭಾಗ ಅಡ್ಡಡ್ಡ ಉದ್ದುದ್ದ ಬಿರಿಯದ ಹಬೆರೊಟ್ಟಿಯನ್ನು ಮುಟ್ಟುತ್ತಿರಲಿಲ್ಲವೆಂದು ಜಿನ್ ವಂಶದ ಇತಿಹಾಸ ದಾಖಲಿಸಿದೆ. ಹುದುಗು ಬಾರದ ಹಿಟ್ಟು ಹಾಗೆ ಬಿರಿಯುವುದಿಲ್ಲ. ಸುಮಾರು ಕ್ರಿ.ಶ. 300ರ ಕವಿ ಶು ಶಿ ಹಿಟ್ಟಿನ ತಿಂಡಿಗಳ ಮೇಲೆಯೇ ಒಂದು ಕಾವ್ಯ ಬರೆದು, ವಸಂತದ ಆರಂಭಕ್ಕೆ ಮಂಟೌ ತಕ್ಕದ್ದೆಂದ. ಆಗಿನ ಮಂಟೌಗೆ ಹೂರಣ ಇರುತ್ತಿತ್ತು. ಈಗ ಉತ್ತರದಲ್ಲಿ ಆ ಹೆಸರಿನದು ಬರಿದೇ ಹಿಟ್ಟಿನ ಬನ್ನು.

6ನೇ ಶತಮಾನದ ಜಿಯಾ ಸಿಶಿಯೆ ತನ್ನ ಕೃಷಿಗ್ರಂಥ ‘ಚಿಮಿನ್ ಯಾವ್‌ಶು’ವಿನಲ್ಲಿ ಹುದುಗಿನ ಪಾಕವನ್ನೇ ಕೊಟ್ಟಿದ್ದಾನೆ. ಹುಳಿ ಗಂಜಿನೀರನ್ನು ಅಕ್ಕಿಯೊಂದಿಗೆ ಸಣ್ಣ ಉರಿಯಲ್ಲಿ ಕುದಿಸಿ ಇಳಿಸಬೇಕು; ಅಷ್ಟೇ ಹಿಟ್ಟಿಗೆ ಬೇಸಿಗೆಯಲ್ಲಿ ಎರಡು ಅಳತೆ ಹಾಕಿದರೆ ಚಳಿಗಾಲದಲ್ಲಿ ನಾಲ್ಕು. ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬದೆ ಪರದಾಡಿದವರಿಗೆ ಈ ಲೆಕ್ಕ ತಟ್ಟನೆ ಅರ್ಥವಾದೀತು.

ಸುಂಗ್ ಕಾಲಕ್ಕೆ ಬಾವ್‌ಜಿ ಎಂಬ ಹೆಸರು ನೆಲೆನಿಂತಿತು. 1010ರಲ್ಲಿ ಮಗ ಹುಟ್ಟಿದ ಸಂತೋಷಕ್ಕೆ ಚಕ್ರವರ್ತಿ ಝೆನ್‌ಝೊಂಗ್ ಮಂತ್ರಿಗಳಿಗೆ ಬಾವ್‌ಜಿ ಹಂಚಿದ. ಒಳಗಿದ್ದದ್ದು ಮಾಂಸವಲ್ಲ, ಚಿನ್ನ ಮತ್ತು ಮುತ್ತು. ಅದೇ ಯುಗದ ಮಹಾಮಂತ್ರಿ ಚಾಯ್ ಜಿಂಗ್‌ನ ಅಡುಗೆಮನೆಯ ಬಗ್ಗೆ ಲುವೊ ದಾಜಿಂಗ್ ಬರೆದಿಟ್ಟ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಆ ಮನೆಯ ಬಾವ್‌ಜಿ ವಿಭಾಗದಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳನ್ನು ಇನ್ನೊಬ್ಬ ತನ್ನ ಮನೆಗೆ ಕರೆತಂದು, ಬಾವ್‌ಜಿ ಮಾಡು ಎಂದ. ತನಗೆ ಬರುವುದಿಲ್ಲ ಎಂದಳು. ಅಲ್ಲಿ ಅವಳ ಕೆಲಸ ಹೂರಣಕ್ಕೆ ಈರುಳ್ಳಿಸೊಪ್ಪು ಹೆಚ್ಚುವುದಷ್ಟೇ ಆಗಿತ್ತು!

ಸಾಮಾನ್ಯರ ಮನೆಯಲ್ಲಿ ಹೆಚ್ಚುವುದರಿಂದ ಹಬೆಗಿಡುವವರೆಗೆ ಎಲ್ಲವೂ ಒಂದೆರಡು ಕೈಗಳದೇ ಕೆಲಸ. ಹಿಂದಿನ ಸಲದ ಹಿಟ್ಟಿನಲ್ಲಿ ಒಂದು ಉಂಡೆ ಎತ್ತಿಟ್ಟು ಅದನ್ನೇ ಹೊಸ ಹಿಟ್ಟಿಗೆ ಹೆಪ್ಪಾಗಿ ಕಲಸುತ್ತಿದ್ದರು. ರಾತ್ರಿಯಿಡೀ ಹುದುಗಿದ ಹಿಟ್ಟು ಹುಳಿಯಾಗುವುದರಿಂದ ಬೆಳಿಗ್ಗೆ ಕ್ಷಾರ, ಅಂದರೆ ಸೋಡಾ, ಬೆರೆಸಬೇಕಿತ್ತು. ಕಡಿಮೆಯಾದರೆ ಹುಳಿ, ಹೆಚ್ಚಾದರೆ ಬನ್ನು ಹಳದಿಗೆ ತಿರುಗಿ ಸೋಡಾ ವಾಸನೆ ಹೊಡೆಯುತ್ತಿತ್ತು. ಅಳತೆಗೆ ಮೂಗೇ ಗತಿ.

19ನೇ ಶತಮಾನ ಅಂಗಡಿಗಳದು. ತಿಯಾನ್‌ಜಿನ್‌ನ ‘ಗೌಬುಲಿ’ 1858ರಲ್ಲಿ ಆರಂಭವಾಯಿತೆನ್ನುತ್ತಾರೆ. ಅಲ್ಲಿನ ಬಾವ್‌ಜಿಗೆ ಹದಿನೆಂಟು ನೆರಿಗೆ. ದಕ್ಷಿಣದ ಗ್ವಾಂಗ್‌ಡಾಂಗ್‌ನಲ್ಲಿ ಸಿಹಿಯಾಗಿ ಸುಟ್ಟ ಹಂದಿಮಾಂಸವನ್ನು ಚೂರುಮಾಡಿ ತುಂಬುವ ‘ಚಾರ್ ಸಿಯು ಬಾವ್’ ಚಹಾ ಅಂಗಡಿಗಳ ತಿಂಡಿಯಾಯಿತು. ಬೇಕಿಂಗ್ ಪೌಡರಿನ ಬಲದಿಂದ ಅದರ ನೆತ್ತಿ ಹೂವಿನಂತೆ ಬಿರಿಯುತ್ತದೆ. ಹ ಝೆಂಗ್ ಕಂಡಿದ್ದರೆ ಮೆಚ್ಚುತ್ತಿದ್ದ.

ವಲಸೆಗಾರರ ಜೊತೆ ಬಾವ್‌ಜಿ ಕಡಲು ದಾಟಿತು: ಫಿಲಿಪ್ಪೀನ್ಸಿನಲ್ಲಿ ಸಿಯೊಪಾವ್, ಥಾಯ್ಲೆಂಡಿನಲ್ಲಿ ಸಲಪಾವ್. ಟೋಕಿಯೊದ ನಕಮುರಾಯ ಅಂಗಡಿ 1927ರಲ್ಲಿ ಈ ಬನ್ನನ್ನು ಮಾರಾಟಕ್ಕಿಟ್ಟಿತು. ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ಕಲಿಸಿದ ಭಾರತೀಯ ಕರಿಯೂ ಅದೇ ವರ್ಷ, ಅದೇ ಅಂಗಡಿಯಲ್ಲಿ ಬಂತು. ಕೋಲ್ಕತ್ತದ ತಿರೆಟ್ಟಾ ಬಜಾರಿನಲ್ಲಿ ಭಾನುವಾರ ಬೆಳಗಿನ ಚೀನೀ ತಿಂಡಿಗಳ ನಡುವೆ ಹಂದಿಮಾಂಸದ ಬಾವ್ ಇಂದಿಗೂ ಸಿಗುತ್ತದೆ.

ಮನೆಯ ಕೆಲಸವನ್ನು ಹಗುರಮಾಡಿದ್ದು ಒಣ ಯೀಸ್ಟಿನ ಪೊಟ್ಟಣ. ಅರ್ಧ ಕಿಲೊ ಮೈದಾಕ್ಕೆ ಸುಮಾರು 5 ಗ್ರಾಂ ಯೀಸ್ಟ್ ಸಾಕು, ಸೋಡಾದ ಗೊಡವೆಯಿಲ್ಲ. ಹೂರಣಕ್ಕೆ ಕೊಬ್ಬು ಸೇರಿದ ಮಾಂಸದ ಖೀಮಾ ಬೇಕು. ಅದಕ್ಕೆ ಶುಂಠಿ, ಈರುಳ್ಳಿಸೊಪ್ಪು, ಸೋಯಾ ಸಾಸ್ ಹಾಕಿ, ಸ್ವಲ್ಪ ಸ್ವಲ್ಪವೇ ನೀರು ಬಿಡುತ್ತಾ ಒಂದೇ ದಿಕ್ಕಿಗೆ ತಿರುವಿದರೆ ಮಾಂಸ ನೀರನ್ನು ಹೀರಿ ಅಂಟಂಟಾಗುತ್ತದೆ. ಬೆಂದಾಗ ರಸವಾಗುವುದು ಆ ನೀರೇ. ಹಾಳೆಯ ನಡುಭಾಗ ದಪ್ಪಗೂ ಅಂಚು ತೆಳ್ಳಗೂ ಇರಬೇಕು, ಇಲ್ಲವಾದರೆ ನೆರಿಗೆಗಳು ಸೇರುವಲ್ಲಿ ಹಸಿ ಗಂಟು ಉಳಿಯುತ್ತದೆ. ಸುಮಾರು ಹದಿನೈದು ನಿಮಿಷ ಬೇಯಿಸಿ ಒಲೆ ಆರಿಸಿದ ಕೂಡಲೇ ಮುಚ್ಚಳ ತೆಗೆದರೆ, ತಣ್ಣನೆ ಗಾಳಿಗೆ ಒಳಗಿನ ಹಬೆ ಕುಗ್ಗಿ ಬನ್ನು ಸುಕ್ಕುಗಟ್ಟಿ ಕೂರುತ್ತದೆ. ಆದ್ದರಿಂದ ಮೂರ್ನಾಲ್ಕು ನಿಮಿಷ ಬಿಟ್ಟು ತೆಗೆಯುವುದು ರೂಢಿ.